ಸಂಜೆ ಆರೂವರೆಯ ಹಸಿವು ಮತ್ತು ಸ್ಲೋ ಕುಕ್ಕರ್

ಹೋದ ತಿಂಗಳು ಇದೇ ಅಂಕಣದಲ್ಲಿ, ಏನೋ ಮಾತಿನ ಮಧ್ಯೆ, ನಮ್ಮ ಮನೆಯಲ್ಲಿ ವಾರಕ್ಕೆ ನಾಲ್ಕು ರಾತ್ರಿ ಊಟ ಸ್ಲೋ ಕುಕ್ಕರಿನಲ್ಲೇ ಆಗುತ್ತದೆ, ಅದರಿಂದ ನನ್ನ ಸೀರೆಯ ನೆರಿಗೆ ಎರಡು ಜಾಸ್ತಿ ಬರುತ್ತಿದೆ ಎಂದು ಒಂದೇ ಒಂದು ಸಾಲು ಬರೆದಿದ್ದೆ. ಅಷ್ಟಕ್ಕೆ ಇಷ್ಟು ಪತ್ರ ಬರುತ್ತವೆ ಎಂದುಕೊಂಡಿರಲಿಲ್ಲ. ಹೀಗಾಗಿ ಈ ಸಲ ಪೂರ್ತಿ ಅದೇ ವಿಷಯ. ಹೆಸರು ಹಾಕಬೇಡಿ ಎಂದು ಬಹಳ ಜನ ಕೇಳಿದ್ದಾರೆ, ಊರು ಮಾತ್ರ ಹಾಕಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ಲೋ ಕುಕ್ಕರ್ ಎಂದರೆ ದಪ್ಪ ಪಿಂಗಾಣಿ ಪಾತ್ರೆ, ಅದರ ಸುತ್ತ ಕರೆಂಟಿನಲ್ಲಿ ಕಾಯುವ ಕವಚ, ಮೇಲೊಂದು ಗಾಜಿನ ಮುಚ್ಚಳ. ಸೀಟಿ ಇಲ್ಲ, ಒತ್ತಡ ಇಲ್ಲ. ಕುದಿಯುವ ಬಿಸಿಗಿಂತ ಸ್ವಲ್ಪ ಕೆಳಗೆ ನಿಂತು ಆರೆಂಟು ಗಂಟೆ ಬೇಯಿಸುತ್ತದೆ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಎಂಬಾತ 1940ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಬೇಕರಿ ಒಲೆಯಲ್ಲಿ ರಾತ್ರಿಯಿಡೀ ಬೇಯುತ್ತಿದ್ದ ಕಾಳಿನ ಅಡುಗೆಯ ಕಥೆ ಅವನ ತಾಯಿ ಹೇಳುತ್ತಿದ್ದಳಂತೆ, ಅದೇ ಇದರ ಮೂಲ. 1971ರಲ್ಲಿ ಅದು ಕ್ರಾಕ್-ಪಾಟ್ ಎಂಬ ಹೆಸರಲ್ಲಿ ಅಂಗಡಿಗೆ ಬಂತು. ನಮ್ಮ ಅಜ್ಜಿ ಒಲೆಯ ಕೆಂಡದ ಮೇಲೆ ಬೂದಿ ಎಳೆದು, ಹುರಳಿಕಾಳಿನ ಮಡಕೆ ಇಟ್ಟು ಮಲಗುತ್ತಿದ್ದರು. ಅವರು ಪೇಟೆಂಟ್ ಕೇಳಲಿಲ್ಲ, ಅಷ್ಟೇ.

ಪ್ರಶ್ನೆ: ಅಕ್ಕಾ, ನಾನು ಶಾಲೆಯಲ್ಲಿ ಟೀಚರ್. ತೂಕ 74 ಕೆಜಿ, ಎತ್ತರ ಐದಡಿ ಎರಡಿಂಚು. ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗ್ ಮಾಡುತ್ತೇನೆ, ಮಧ್ಯಾಹ್ನ ಡಬ್ಬಿಯಲ್ಲಿ ಎರಡೇ ರೊಟ್ಟಿ. ಆದರೂ ತೂಕ ಇಳಿಯಲೊಲ್ಲದು. ಸ್ಲೋ ಕುಕ್ಕರ್ ತಗೊಂಡರೆ ನಿಜವಾಗಿಯೂ ಇಳಿಯುತ್ತದಾ, ಇಲ್ಲಾ ಅಟ್ಟಕ್ಕೆ ಇನ್ನೊಂದು ಪಾತ್ರೆ ಸೇರುತ್ತದಾ?
ವಿದ್ಯಾನಗರ, ದಾವಣಗೆರೆ

ಉತ್ತರ: ತಂಗಿ, ಪಾತ್ರೆ ಯಾರನ್ನೂ ಸಣ್ಣ ಮಾಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ. ಪಾವು ಎಣ್ಣೆ ಸುರಿದು, ಅರ್ಧ ಕಾಯಿ ರುಬ್ಬಿ ಹಾಕಿದರೆ ಸ್ಲೋ ಕುಕ್ಕರಿನಲ್ಲಿ ಮಾಡಿದ್ದೂ ಅಷ್ಟೇ ಕ್ಯಾಲರಿ, ಒಲೆ ಮೇಲೆ ಮಾಡಿದ್ದೂ ಅಷ್ಟೇ.

ಆದರೆ ನಿಮ್ಮ ಪತ್ರದಲ್ಲಿ ಒಂದು ಹೊತ್ತಿನ ಮಾತೇ ಇಲ್ಲ. ಬೆಳಿಗ್ಗೆ ಬರೆದಿದ್ದೀರಿ, ಮಧ್ಯಾಹ್ನ ಬರೆದಿದ್ದೀರಿ. ಸಂಜೆ? ಐದೂವರೆಗೆ ಶಾಲೆಯಿಂದ ಬಂದು, ಕಾಲು ತೊಳೆದು, ಚಹಾ ಇಟ್ಟು, ರಾತ್ರಿ ಅಡುಗೆಗೆ ಇನ್ನೂ ತರಕಾರಿ ಹೆಚ್ಚಬೇಕಲ್ಲ ಎಂದು ನೆನಪಾಗುವ ಆ ಆರೂವರೆ ಇದೆಯಲ್ಲ, ನಮ್ಮೂರಿನವರ ತೂಕವೆಲ್ಲ ಏರುವುದು ಅಲ್ಲಿ. ಮನೆಯಿಂದ ಹತ್ತು ಹೆಜ್ಜೆ ಹಾಕಿದರೆ ಖಾರ ಮಂಡಕ್ಕಿ, ಪಕ್ಕದಲ್ಲಿ ಬಾಣಲೆಯಿಂದ ಆಗಷ್ಟೇ ತೆಗೆದ ಮಿರ್ಚಿ. ಮಂಡಕ್ಕಿ ಪಾಪ ಹಗುರ, ಅದರ ತಪ್ಪಿಲ್ಲ. ಅದಕ್ಕೆ ಬೀಳುವ ಎಣ್ಣೆ ಒಗ್ಗರಣೆ, ಶೇಂಗಾ, ಜೊತೆಗೆ ಎಣ್ಣೆ ಕುಡಿದ ಕಡಲೆಹಿಟ್ಟು, ಲೆಕ್ಕ ಅಲ್ಲಿದೆ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲರಿ. ಯಾವ ಎಣ್ಣೆಯಾದರೂ ಅಷ್ಟೇ, ಗಾಣದ್ದಾದರೂ ಅಷ್ಟೇ.

ಸ್ಲೋ ಕುಕ್ಕರಿನಿಂದ ನನಗೆ ಆದ ಉಪಕಾರ ಇದೊಂದೇ. ಬಾಗಿಲು ತೆಗೆದಾಗ ಮನೆಯಲ್ಲಿ ಸಾರಿನ ವಾಸನೆ ಇರುತ್ತದೆ, ಊಟ ಬಿಸಿಯಾಗಿ ಕಾಯುತ್ತಿರುತ್ತದೆ, ಏಳಕ್ಕೆ ತಟ್ಟೆ ಹಾಕಿಕೊಂಡರೆ ಮುಗಿಯಿತು. ಮಿರ್ಚಿಗೆ ಹೋಗಲು ಕಾಲೇ ಏಳುವುದಿಲ್ಲ. ವಾರಕ್ಕೆ ನಾಲ್ಕು ದಿನ ಹೀಗೆ ಮಾಡಿ ನೋಡಿ. ಉಳಿದ ದಿನ ಬೆಣ್ಣೆ ದೋಸೆ ತಿನ್ನಬೇಡಿ ಎಂದು ನಾನು ಹೇಳುವುದಿಲ್ಲ, ದಾವಣಗೆರೆಯಲ್ಲಿ ಇದ್ದುಕೊಂಡು ಆ ಮಾತು ಆಡಿದರೆ ಊರು ಬಿಡಿಸುತ್ತಾರೆ. ಆದರೆ ಕೆರೆ ಏರಿ ಮೇಲೆ ಒಂದು ಗಂಟೆ ಬಿರುಸಾಗಿ ನಡೆದರೆ ಕರಗುವುದು ಹೆಚ್ಚುಕಡಿಮೆ 250 ಕ್ಯಾಲರಿ, ಮೂವತ್ತು ಗ್ರಾಂ ಬೆಣ್ಣೆಯಲ್ಲೇ 200ರ ಮೇಲೆ ಇದೆ. ವಾಕಿಂಗ್ ಮುಗಿಸಿ ಸೀದಾ ದೋಸೆಗೆ ಹೋಗುವ ಗುಂಪು ನಾನು ನೋಡಿದ್ದೇನೆ, ನಾನೂ ಅದರಲ್ಲಿ ಇದ್ದವಳೇ.

ಮೊದಲ ವಾರಕ್ಕೆ ಹುರಳಿಕಾಳು ಸಾರು ಮಾಡಿ. ನಾಲ್ಕು ಜನಕ್ಕೆ ಒಂದು ದೊಡ್ಡ ಲೋಟ, ಅಂದರೆ 180 ಗ್ರಾಂನಷ್ಟು ಹುರಳಿ. ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಚೆಲ್ಲಿ, ಬೇರೆ ನೀರಲ್ಲಿ ಒಲೆ ಮೇಲೆ ಹತ್ತು ನಿಮಿಷ ಕೊತಕೊತ ಕುದಿಸಿ. ಅದು ಕುದಿಯುವಷ್ಟರಲ್ಲಿ ಅರ್ಧ ಕೆಜಿ ಸೋರೆಕಾಯಿ ದೊಡ್ಡ ಹೋಳು ಮಾಡಿ, ಎರಡು ಈರುಳ್ಳಿ ಹೆಚ್ಚಿ, ಒಂದು ಗಡ್ಡೆ ಬೆಳ್ಳುಳ್ಳಿ ಸುಲಿಯಿರಿ. ಎಲ್ಲ ಪಿಂಗಾಣಿ ಪಾತ್ರೆಗೆ, ಜೊತೆಗೆ ಅರಿಶಿನ, ಜೀರಿಗೆ, ಮನೆಯ ಮಸಾಲೆ ಖಾರ ಎರಡು ಚಮಚ. ಕಾಳಿನ ಮೇಲೆ ಎರಡು ಬೆರಳು ನಿಲ್ಲುವಷ್ಟು ಬಿಸಿನೀರು. ಗುಂಡಿ ಲೋಗೆ, ಅಂದರೆ ಕಡಿಮೆ ಬಿಸಿಗೆ ಇಟ್ಟು ಬಸ್ಸು ಹತ್ತಿ. ಸಂಜೆ ಬಂದು ಎರಡು ಟೊಮೆಟೊ ಬೇರೆ ಬೇಯಿಸಿ ಕಿವುಚಿ ಹಾಕಿ, ಉಪ್ಪು ನೋಡಿ, ಒಂದು ಸೌಟು ಕಾಳು ಸೌಟಿನ ಹಿಂದಿನಿಂದ ಅರೆದುಬಿಟ್ಟರೆ ಸಾರು ತಾನೇ ಗಟ್ಟಿಯಾಗುತ್ತದೆ. ಒಗ್ಗರಣೆಗೆ ಎರಡು ಟೀ ಚಮಚ ಎಣ್ಣೆ, ಅಳೆದು ಹಾಕಿ, ಕೈಯಂದಾಜು ಬೇಡ. ಒಬ್ಬರ ಪಾಲಿಗೆ ಹೆಚ್ಚೆಂದರೆ 230 ಕ್ಯಾಲರಿ. ಇದೇ ಸಾರಿಗೆ ಅರ್ಧ ಕಾಯಿ, ನಾಲ್ಕು ದೊಡ್ಡ ಚಮಚ ಎಣ್ಣೆ ಬಿದ್ದರೆ ಪ್ರತಿ ಪಾಲಿಗೆ ಇನ್ನೊಂದು 200 ಸೇರುತ್ತದೆ. ಅದು ಎರಡು ತೆಳು ಜೋಳದ ರೊಟ್ಟಿಯ ಲೆಕ್ಕಕ್ಕೆ ಹತ್ತಿರ. ನನ್ನನ್ನು ಕೇಳಿದರೆ ರೊಟ್ಟಿಯೇ ತಿನ್ನುವುದು ವಾಸಿ.

ಪ್ರಶ್ನೆ: ಮೇಡಂ, ನೀವು ಹೇಳಿದ್ದು ಓದಿ ಸ್ಲೋ ಕುಕ್ಕರಿನಲ್ಲಿ ಕಡಲೆಕಾಳು ಇಟ್ಟೆ. ಎಂಟು ಗಂಟೆ ಆದರೂ ಗೋಲಿ ಹಾಗೇ ಇತ್ತು. ಹುಣಸೆಹುಳಿ, ಟೊಮೆಟೊ, ಉಪ್ಪು ಎಲ್ಲ ಮೊದಲೇ ಹಾಕಿದ್ದೆ. ನಮ್ಮದು ಬೋರ್‌ವೆಲ್ ನೀರು. ಮಿಷನ್ ಕೆಟ್ಟಿದೆಯಾ?
ಚಿತ್ರದುರ್ಗ

ಉತ್ತರ: ಮಿಷನ್ ಚೆನ್ನಾಗಿದೆ. ಕಳ್ಳರು ಇಬ್ಬರು, ಹುಳಿ ಮತ್ತು ನೀರು.

ಹುಳಿ ಇದ್ದಲ್ಲಿ ಕಾಳಿನ ಸಿಪ್ಪೆ ಮೆತ್ತಗಾಗುವುದಿಲ್ಲ. ಪ್ರೆಶರ್ ಕುಕ್ಕರಿನಲ್ಲಿ ಒತ್ತಡದ ಜೋರಿಗೆ ಹೇಗೋ ಬೆಂದುಬಿಡುತ್ತದೆ, ಹೀಗಾಗಿ ನಮಗೆ ಅದು ಗೊತ್ತೇ ಆಗುವುದಿಲ್ಲ. ಸ್ಲೋ ಕುಕ್ಕರಿಗೆ ಆ ಜೋರು ಇಲ್ಲ. ಹುಣಸೆಹುಳಿ, ಟೊಮೆಟೊ, ಪುಂಡಿಸೊಪ್ಪು, ನಿಂಬೆ ಎಲ್ಲ ಕಾಳು ಬೆಂದ ಮೇಲೆಯೇ.

ಎರಡನೆಯದು ನಿಮ್ಮ ದುರ್ಗದ ನೀರು. ಬೋರಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಅವು ಕಾಳಿನ ಸಿಪ್ಪೆಯಲ್ಲಿರುವ ಪೆಕ್ಟಿನ್ ಜೊತೆ ಸೇರಿ ಅದನ್ನು ಬಿಗಿ ಮಾಡುತ್ತವೆ. ಸೋಪಿನ ನೊರೆ ಬಾರದ ನೀರಿನಲ್ಲಿ ಬೇಳೆಯೂ ಬೇಯುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದದ್ದು ಸುಮ್ನೆ ಅಲ್ಲ. ಕುಡಿಯಲು ತರುವ ಫಿಲ್ಟರ್ ನೀರಿನಲ್ಲೇ ನೆನೆಸಿ, ಅದರಲ್ಲೇ ಬೇಯಿಸಿ. ನೆನೆಸುವ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿಬಿಡಿ. ಉಪ್ಪು ಕಾಳನ್ನು ಗಟ್ಟಿ ಮಾಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ನೆನೆಸುವಾಗ ಅದು ಸಿಪ್ಪೆಯನ್ನು ಸಡಿಲವೇ ಮಾಡುತ್ತದೆ. ಮತ್ತೆ ಕಾಳು ಯಾವ ಕಾಲದ್ದು? ಎರಡು ವರ್ಷ ಡಬ್ಬದಲ್ಲಿದ್ದ ಕಡಲೆ ಯಾವ ಪಾತ್ರೆಯಲ್ಲೂ ಮೆತ್ತಗಾಗುವುದಿಲ್ಲ.

ಇಲ್ಲೇ ಒಂದು ಎಚ್ಚರಿಕೆ, ಇದನ್ನು ಮಾತ್ರ ಯಾರೂ ಹಗುರಾಗಿ ತಗೋಬೇಡಿ. ರಾಜ್ಮಾವನ್ನು ಹಸಿಯಾಗಿ ಎಂದೂ ಸ್ಲೋ ಕುಕ್ಕರಿಗೆ ಹಾಕಬಾರದು. ಅದರಲ್ಲಿ ಫೈಟೋಹೀಮಗ್ಲುಟಿನಿನ್ ಎಂಬ ವಿಷ ಇದೆ, ಸರಿಯಾಗಿ ಬೇಯದ ನಾಲ್ಕೈದು ಕಾಳು ತಿಂದರೂ ವಾಂತಿ ಭೇದಿ ಹಿಡಿಯಬಹುದು. ಲೋನಲ್ಲಿ ಕುದಿ ಬಾರದೆ ಬರೀ ಕಾದರೆ ಆ ವಿಷ ಇಳಿಯುವ ಬದಲು ಏರಬಹುದು. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಹತ್ತು ನಿಮಿಷಕ್ಕೆ ಕಡಿಮೆ ಇಲ್ಲದಂತೆ ಜೋರಾಗಿ ಕುದಿಸಿ, ಆಮೇಲೆ ಪಾತ್ರೆಗೆ. ನಾನು ಎಲ್ಲ ಇಡೀ ಕಾಳಿಗೂ ಇದೇ ರೂಢಿ ಮಾಡಿಕೊಂಡಿದ್ದೇನೆ, ಯಾವುದಕ್ಕೆ ಬೇಕು ಯಾವುದಕ್ಕೆ ಬೇಡ ಎಂದು ನೆನಪಿಡುವ ತಲೆನೋವಿಲ್ಲ.

ಪ್ರಶ್ನೆ: ನಮ್ಮ ಅಳಿಯ ಅಮೆರಿಕದಿಂದ ಬರುವಾಗ ಒಂದು ಸ್ಲೋ ಕುಕ್ಕರ್ ತಂದಿದ್ದಾನೆ. ಪ್ಲಗ್ಗಿನ ಪಿನ್ ಚಪ್ಪಟೆ ಇದೆ. ಹತ್ತು ರೂಪಾಯಿಯ ಪಿನ್ ಬದಲಿಸುವ ಅಡಾಪ್ಟರ್ ಹಾಕಿದರೆ ಸಾಕಲ್ವಾ?
ಹರಿಹರ

ಉತ್ತರ: ಅಯ್ಯೋ, ನಿಲ್ಲಿ! ಹಾಕಬೇಡಿ.

ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230. ಪಿನ್ನಿನ ಅಡಾಪ್ಟರ್ ಪಿನ್ನನ್ನು ಮಾತ್ರ ಬದಲಿಸುತ್ತದೆ, ವೋಲ್ಟನ್ನು ಅಲ್ಲ. ವೋಲ್ಟ್ ಎರಡು ಪಟ್ಟಾದರೆ ಕಾಯುವ ತಂತಿಯ ಬಿಸಿ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಇದು ನನಗೆ ಓದಿ ಗೊತ್ತಾದದ್ದಲ್ಲ. ನನ್ನ ತಂಗಿ ತಂದುಕೊಟ್ಟಿದ್ದನ್ನು ಹೀಗೇ ಹಾಕಿದ್ದೆ, ಇಪ್ಪತ್ತು ನಿಮಿಷಕ್ಕೆ ಅಡುಗೆಮನೆ ತುಂಬ ಸುಟ್ಟ ರಬ್ಬರಿನ ವಾಸನೆ, ಪಿಂಗಾಣಿಯಲ್ಲಿ ಬುಡದಿಂದ ಬಾಯಿವರೆಗೆ ಬಿರುಕು, ನೆಲದ ಮೇಲೆ ಬೇಳೆ. ಅವಳಿಗೆ ಇವತ್ತಿನವರೆಗೂ ಹೇಳಿಲ್ಲ, ಈ ಅಂಕಣ ಓದಿದರೆ ಈಗ ಗೊತ್ತಾಗುತ್ತದೆ. ಕುಕ್ಕರಿನ ತಳದಲ್ಲಿ ವ್ಯಾಟ್ ಎಷ್ಟು ಎಂದು ಬರೆದಿರುತ್ತದೆ. ಅದರ ಎರಡರಷ್ಟು ತಾಳುವ, ವೋಲ್ಟ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಂಡರೆ ಬಳಸಬಹುದು. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಇಲ್ಲಿಯದನ್ನೇ ಕೊಳ್ಳುವುದು ಸುಲಭ ಎಂದು ನನ್ನ ಅನಿಸಿಕೆ. ಅಳಿಯನ ಪಾತ್ರೆಯಲ್ಲಿ ಮೊಸರು ಹೆಪ್ಪು ಹಾಕಿ, ಚೆನ್ನಾಗಿ ಬರುತ್ತದೆ.

ಪ್ರಶ್ನೆ: ಕರೆಂಟು ಹೋದರೆ? ಬಿಲ್ ಎಷ್ಟು ಬರುತ್ತದೆ?
ಜಗಳೂರು

ಉತ್ತರ: ಬಿಲ್ಲಿಗೆ ಹೆದರಬೇಡಿ. ನಾಲ್ಕು ಜನರ ಮನೆಗೆ ಸಾಕಾಗುವ ಪಾತ್ರೆ ಸುಮಾರು 200 ವ್ಯಾಟಿನದು, ಎಂಟು ಗಂಟೆ ಉರಿದರೂ 1.6 ಯೂನಿಟ್. ವಾರಕ್ಕೆ ನಾಲ್ಕು ಸಲವಾದರೆ ತಿಂಗಳಿಗೆ 26, 27 ಯೂನಿಟ್. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿ ಇರುವವರು ಮಾತ್ರ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಕರೆಂಟು ಹೋಗುವುದು ಬೇರೆ ಕಥೆ. ಬೆಸ್ಕಾಂನವರು ಅರ್ಧ ಗಂಟೆ ತೆಗೆದರೆ ಏನೂ ಆಗುವುದಿಲ್ಲ, ಮುಚ್ಚಳ ತೆಗೆಯದೆ ಬಿಡಿ, ಪಿಂಗಾಣಿ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ಹೋಗಿ, ಎಷ್ಟು ಹೊತ್ತು ಇರಲಿಲ್ಲ ಎಂದು ಗೊತ್ತಿಲ್ಲದಿದ್ದರೆ, ಬೆಂದ ಹಾಗೆ ಕಂಡರೂ ಚೆಲ್ಲಿಬಿಡಿ. ಕೋಳಿ ಮಟನ್ ಇದ್ದರಂತೂ ಎರಡನೇ ಮಾತಿಲ್ಲ. ಕೊಳ್ಳುವಾಗ ಗುಂಡಿ ತಿರುಗಿಸುವ ಸಾದಾ ಮಾಡೆಲ್ ತಗೊಳ್ಳಿ. ಅಂಕಿ ಮಿನುಗುವ ಡಿಜಿಟಲ್ ಮಾಡೆಲ್‌ಗಳಲ್ಲಿ ಬಹಳಷ್ಟು ಕರೆಂಟು ಹೋಗಿ ಬಂದರೆ ತಾವಾಗಿ ಶುರುವಾಗುವುದಿಲ್ಲ, ಗುಂಡಿಯದು ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಅಂಗಡಿಯವರು ಡಿಜಿಟಲ್ಲೇ ತೋರಿಸುತ್ತಾರೆ.

ಪ್ರಶ್ನೆ: ನಾನು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವನು, ಒಬ್ಬನೇ ಇದ್ದೇನೆ. ರಾತ್ರಿ ಒಂಬತ್ತೂವರೆಗೆ ರೂಮಿಗೆ ಬಂದಾಗ ಅಡುಗೆ ಮಾಡುವ ಮನಸ್ಸೇ ಇರಲ್ಲ, ಪರೋಟ ಕುರ್ಮಾ ಕಟ್ಟಿಸಿಕೊಂಡು ಬರುತ್ತೇನೆ. ಒಂದು ವರ್ಷದಲ್ಲಿ 11 ಕೆಜಿ ಏರಿದೆ. ನಾನ್‌ವೆಜ್ ಬಿಡಬೇಕಾ?
ದಾವಣಗೆರೆ

ಉತ್ತರ: ಬಿಡಬೇಡಪ್ಪ. ಕೋಳಿ ಅಲ್ಲ ಇಲ್ಲಿ ಅಪರಾಧಿ. ಚರ್ಮ ತೆಗೆದ ಕೋಳಿ ಮಾಂಸ ನೂರು ಗ್ರಾಂಗೆ 120 ಕ್ಯಾಲರಿ ಆಸುಪಾಸು, ತಿಂದರೆ ಬೇಗ ಹಸಿಯುವುದೂ ಇಲ್ಲ. ನಿನ್ನ ಹೊಟ್ಟೆ ಬೆಳೆಸಿದ್ದು ಪರೋಟದ ಮೈದಾ, ಅದನ್ನು ಪದರ ಪದರವಾಗಿ ಎಬ್ಬಿಸಿದ ಎಣ್ಣೆ ಮತ್ತು ಡಾಲ್ಡಾ, ಕುರ್ಮಾದ ಮೇಲೆ ತೇಲುವ ಆ ಕೆಂಪು ಪದರ.

ಮೂರೂವರೆ ಲೀಟರಿನದು ನಿನಗೆ ದೊಡ್ಡದು, ಒಂದೂವರೆ ಲೀಟರಿನದು ಸಿಗುತ್ತದೆ, ಅದು ಸಾಕು. ಪಾತ್ರೆ ಅರ್ಧಕ್ಕಿಂತ ಕಡಿಮೆ ತುಂಬಿದರೆ ತಳ ಹಿಡಿಯುತ್ತದೆ, ಮುಕ್ಕಾಲಿಗಿಂತ ಜಾಸ್ತಿ ತುಂಬಿದರೆ ಬೇಯುವುದು ತಡ, ಹೀಗಾಗಿ ಅಳತೆ ಮುಖ್ಯ.

ಇನ್ನು ಕೋಳಿ ಸಾರು. ನಾಲ್ಕು ಪಾಲಿಗೆ ಲೆಕ್ಕ ಹೇಳುತ್ತೇನೆ, ನಿನಗೆ ಅರ್ಧ ಮಾಡಿದರೆ ಎರಡು ದಿನ ಬರುತ್ತದೆ. ಅರ್ಧ ಕೆಜಿ ಕೋಳಿ, ಚರ್ಮ ಬೇಡ ಎಂದು ಅಂಗಡಿಯವನಿಗೇ ಹೇಳು. ಮೂರು ದೊಡ್ಡ ಈರುಳ್ಳಿ, ಮೂರು ಟೊಮೆಟೊ, ಶುಂಠಿ, ಬೆಳ್ಳುಳ್ಳಿ. ಪಾತ್ರೆಯ ತಳಕ್ಕೆ ಎರಡು ಮೂಲಂಗಿ ಅಥವಾ ಒಂದು ನವಿಲುಕೋಸು ಹೆಚ್ಚಿ ಹಾಕು. ಗಡ್ಡೆ ತರಕಾರಿ ಮಾಂಸಕ್ಕಿಂತ ನಿಧಾನ ಬೇಯುತ್ತದೆ, ಅದಕ್ಕೇ ಅದು ಕೆಳಗೆ. ಎರಡು ಟೀ ಚಮಚ ಎಣ್ಣೆಯಲ್ಲಿ ಈರುಳ್ಳಿ ಕೆಂಪಗೆ ಹುರಿದು, ಖಾರದಪುಡಿ, ದನಿಯಾಪುಡಿ, ಅರಿಶಿನ, ಟೊಮೆಟೊ ಸೇರಿಸಿ ಬಾಡಿಸಿ ಅದರ ಮೇಲೆ ಸುರಿ. ಆಮೇಲೆ ಕೋಳಿ, ಉಪ್ಪು. ನೀರು ಅರ್ಧ ಲೋಟ, ಸಾಕು, ಕೇಳು, ಸಾಕು! ಮುಚ್ಚಿದ ಪಾತ್ರೆಯಿಂದ ಆವಿ ಹೊರಗೆ ಹೋಗುವುದಿಲ್ಲ, ಕೋಳಿಯೂ ಟೊಮೆಟೊವೂ ನೀರು ಬಿಡುತ್ತವೆ. ಒಲೆಯ ಲೆಕ್ಕದಲ್ಲಿ ನೀರು ಹಾಕಿದರೆ ಸಾರಿನ ಬದಲು ಕೋಳಿ ತೊಳೆದ ನೀರು ಸಿಗುತ್ತದೆ. ಲೋನಲ್ಲಿ ಆರು ಗಂಟೆ. ಕೊನೆಗೆ ಒಂದು ಚಮಚ ಪುಟಾಣಿ ಹಿಟ್ಟು ಕಲಸಿ ಹಾಕಿ ಹೈ ಇಟ್ಟರೆ ಹತ್ತು ನಿಮಿಷಕ್ಕೆ ಗಟ್ಟಿ, ಕಾಯಿ ಬೇಕಾಗಿಲ್ಲ. ಪಾಲಿಗೆ 240 ಕ್ಯಾಲರಿ. ಎರಡು ರೊಟ್ಟಿ ತಗೊಂಡು ತಿನ್ನು, ಖಾನಾವಳಿಯವರು ರೊಟ್ಟಿ ಕಟ್ಟಿಕೊಡುತ್ತಾರೆ.

ಎರಡು ಕಟ್ಟುನಿಟ್ಟು. ಫ್ರೀಜರಿನಿಂದ ತೆಗೆದ ಕಲ್ಲಿನಂಥ ಕೋಳಿಯನ್ನು ಹಾಗೇ ಹಾಕಬೇಡ, ಬಿಸಿ ಏರುವಷ್ಟರಲ್ಲಿ ಕೆಡುತ್ತದೆ. ಉಳಿದ ಸಾರನ್ನು ಪಿಂಗಾಣಿ ಸಮೇತ ಫ್ರಿಜ್ಜಿಗೆ ಇಟ್ಟು ಮಾರನೇ ದಿನ ಅದರಲ್ಲೇ ಬಿಸಿ ಮಾಡಬೇಡ, ಪಾತ್ರೆಯೂ ಒಡೆಯಬಹುದು, ಸಾರೂ ಸರಿಯಾಗಿ ಕಾಯುವುದಿಲ್ಲ. ಡಬ್ಬಿಗೆ ಹಾಕಿ ಇಡು, ಒಲೆ ಮೇಲೆ ಕುದಿಸು. ನೀನು ಹೋಗುವುದು ಬೆಳಿಗ್ಗೆ ಒಂಬತ್ತಕ್ಕೆ, ಬರುವುದು ರಾತ್ರಿ ಒಂಬತ್ತೂವರೆಗೆ, ಆರು ಗಂಟೆಯ ಅಡುಗೆ ಹನ್ನೆರಡು ಗಂಟೆ ನಿಂತರೆ ಕೋಳಿ ನಾರಾಗುತ್ತದೆ. ಮಧ್ಯಾಹ್ನ ಊಟಕ್ಕೆ ರೂಮಿಗೆ ಬರುವವನಾದರೆ ಆಗ ಹಚ್ಚು. ಇಲ್ಲಾ, ಬೆಂದ ಮೇಲೆ ಬರೀ ಬಿಸಿಯಾಗಿಡಲು ತಾನಾಗಿ ವಾರ್ಮ್‌ಗೆ ಇಳಿಯುವ ಮಾಡೆಲ್ ನೋಡು. ಹೌದು, ಅದು ಡಿಜಿಟಲ್ಲೇ, ಮೇಲೆ ಬೇಡ ಎಂದವಳು ನಾನೇ. ನಿನ್ನ ರೂಮಿನಲ್ಲಿ ಕರೆಂಟು ಎಷ್ಟು ಸಲ ಹೋಗುತ್ತದೆ ನೋಡಿ ತೀರ್ಮಾನ ಮಾಡು.

ಪ್ರಶ್ನೆ: ನವಣೆ ಅನ್ನ ತಿಂದರೆ ಎಷ್ಟು ತಿಂದರೂ ದಪ್ಪ ಆಗಲ್ಲ ಅಂತಾರೆ. ನಾವೇ ಬೆಳೆಯುತ್ತೇವೆ, ಮನೆಯಲ್ಲಿ ಚೀಲಗಟ್ಟಲೆ ಇದೆ. ನಿಜವೇ?
ಹೊಸದುರ್ಗ

ಉತ್ತರ: ಸುಳ್ಳು ಅಣ್ಣ. ಬೆಳೆಯುವವರಿಗೇ ಹೇಳುತ್ತಿದ್ದೇನೆ, ಬೇಜಾರು ಬೇಡ. ನೂರು ಗ್ರಾಂ ಅಕ್ಕಿಯಲ್ಲಿ ಎಷ್ಟೋ ನವಣೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಕ್ಯಾಲರಿ, 350ರ ಆಸುಪಾಸು. ರಾಗಿ, ಜೋಳವೂ ಅಲ್ಲೇ ಸುತ್ತಮುತ್ತ. ವ್ಯತ್ಯಾಸ ನಾರಿನದು. ಪಾಲಿಶ್ ಮಾಡದ ನವಣೆ ಹೊಟ್ಟೆಯಲ್ಲಿ ಹೊತ್ತು ನಿಲ್ಲುತ್ತದೆ, ಎರಡನೇ ಸಲ ಬಡಿಸಿಕೊಳ್ಳಲು ಮನಸ್ಸಾಗುವುದಿಲ್ಲ. ಎಷ್ಟು ಬೇಕಾದರೂ ತಿನ್ನಬಹುದು ಎಂದು ತಟ್ಟೆ ತುಂಬಿಸಿಕೊಂಡರೆ ಆ ಲಾಭ ಹೋಯಿತು.

ನಾನು ಮಾಡುವುದು ಹೀಗೆ. ಮುಕ್ಕಾಲು ಲೋಟ ನವಣೆ, ಅರ್ಧ ಲೋಟ ಹೆಸರುಬೇಳೆ, ಎರಡನ್ನೂ ಒಂದು ಗಂಟೆ ನೆನೆಸಿ. ತರಕಾರಿ ಅರ್ಧ ಕೆಜಿಗೂ ಮೇಲೆ, ಬೀನ್ಸ್, ಗಜ್ಜರಿ, ಹೀರೆಕಾಯಿ, ಮನೆಯಲ್ಲಿ ಏನಿದೆಯೋ ಅದು. ನೋಡುವವರಿಗೆ ಇದು ತರಕಾರಿಯೊಳಗೆ ಬಿದ್ದ ನವಣೆ ಅನ್ನಿಸಬೇಕು. ನಾಲ್ಕು ಲೋಟ ಬಿಸಿನೀರು, ಅರಿಶಿನ, ಸಾರಿನ ಪುಡಿ, ಹೈನಲ್ಲಿ ಎರಡೂವರೆ ಗಂಟೆ. ಕೊನೆಯ ಅರ್ಧ ಗಂಟೆಗೆ ಒಂದು ಹಿಡಿ ಮೆಂತ್ಯ ಸೊಪ್ಪು. ಎರಡು ಟೀ ಚಮಚ ತುಪ್ಪದ ಒಗ್ಗರಣೆ. ನಾಲ್ಕು ಜನಕ್ಕೆ ಹೊಟ್ಟೆ ತುಂಬುತ್ತದೆ, ತಲೆಗೆ 290ರಷ್ಟು ಕ್ಯಾಲರಿ. ಇದರ ಜೊತೆ ಮಿಕ್ಸ್ಚರ್ ಬೇಡ ಎಂದು ಬರೆಯಲು ಕೈ ಬರುತ್ತಿಲ್ಲ, ಆದರೆ ಬೇಡ.

ಪ್ರಶ್ನೆ: ಸೊಸೆ ಈ ಪಾತ್ರೆಯಲ್ಲಿ ಮಾಡುವ ಸಾರು ಸಪ್ಪೆ. ಖಾರ ಇಲ್ಲ, ಘಮ ಇಲ್ಲ. ಆಸ್ಪತ್ರೆ ಊಟ. ನೀವೇ ಅವಳಿಗೆ ಬುದ್ಧಿ ಹೇಳಿ.
ಚನ್ನಗಿರಿ

ಉತ್ತರ: ಅಮ್ಮಾ, ನೀವು ಹೇಳಿದ್ದು ಸರಿ ಇದೆ, ಆದರೆ ಸೊಸೆಯದೂ ತಪ್ಪಿಲ್ಲ. ಎಂಟು ಗಂಟೆ ಮಂದ ಬಿಸಿಯಲ್ಲಿ ಬೆಂದರೆ ಕೊತ್ತಂಬರಿ, ಕರಿಬೇವು, ಪುಡಿಗಳ ಘಮ ಹೋಗಿಬಿಡುತ್ತದೆ. ಚಕ್ಕೆ ಲವಂಗದಂಥವು ಮಾತ್ರ ಉಲ್ಟಾ, ಜಾಸ್ತಿ ಹೊತ್ತು ಕೂತು ಕಹಿ ಬಿಡುತ್ತವೆ, ಅವನ್ನು ಅರ್ಧಕ್ಕೆ ಇಳಿಸಬೇಕು. ಪುಡಿಯಲ್ಲಿ ಅರ್ಧ ಮೊದಲಿಗೆ, ಅರ್ಧ ಕೊನೆಯ ಕಾಲು ಗಂಟೆಗೆ. ಒಗ್ಗರಣೆ ಯಾವಾಗಲೂ ಕೊನೆಗೆ. ಮೊದಲೇ ಹಾಕಿದ ಒಗ್ಗರಣೆ ಸತ್ತುಹೋಗುತ್ತದೆ, ಆಗ ರುಚಿಗೆಂದು ಇನ್ನೊಂದು ಸಲ ಎಣ್ಣೆ ಇಡಬೇಕಾಗುತ್ತದೆ. ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಚಟಪಟ ಎನಿಸಿ ಬಡಿಸುವ ಹೊತ್ತಿಗೆ ಸುರಿದರೆ ಮೂರು ಚಮಚದ ಘಮ ಬರುತ್ತದೆ. ನಿಂಬೆಹಣ್ಣು ಹಿಂಡಿ, ಅದಕ್ಕೆ ಕ್ಯಾಲರಿ ಲೆಕ್ಕವೇ ಇಲ್ಲ.

ಇನ್ನೊಂದು ಸಂಶಯ ನನಗೆ. ನೀವು ಮಧ್ಯೆ ಮಧ್ಯೆ ಮುಚ್ಚಳ ತೆಗೆದು ನೋಡುತ್ತೀರಿ, ಅಲ್ವಾ? ಒಂದು ಸಲ ತೆಗೆದರೆ ಒಳಗಿನ ಬಿಸಿ ಮತ್ತೆ ಏರಲು ಇಪ್ಪತ್ತು ನಿಮಿಷ ಹಿಡಿಯುತ್ತದೆ. ನಮ್ಮತ್ತೆಯೂ ಹೀಗೇ ಮಾಡುತ್ತಿದ್ದರು. ಗಾಜಿನ ಮುಚ್ಚಳ ಕೊಟ್ಟಿರುವುದೇ ಅದಕ್ಕೆ, ಹೊರಗಿಂದ ನೋಡಿ.

ಪ್ರಶ್ನೆ: ಎರಡು ವಾರದಲ್ಲಿ ಎರಡೂವರೆ ಕೆಜಿ ಇಳಿಯಿತು, ಖುಷಿಯಾಯಿತು. ಮೂರನೇ ವಾರ 300 ಗ್ರಾಂ, ನಾಲ್ಕನೇ ವಾರ ಏನೂ ಇಲ್ಲ. ನನಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆ ಮೇಲೆ ಇದ್ದೇನೆ. ರಾತ್ರಿ ಬರೀ ಗಂಜಿ ಕುಡಿಯಲಾ?
ಹಿರಿಯೂರು

ಉತ್ತರ: ಗಂಜಿ ಬೇಡ. ಮೊದಲು ಅದನ್ನು ಬಿಡಿ. ಅಕ್ಕಿಯಾಗಲಿ ರಾಗಿಯಾಗಲಿ, ಕರಗುವಷ್ಟು ಬೇಯಿಸಿದರೆ ಸಕ್ಕರೆ ಬೇಗ ಏರುತ್ತದೆ, ಅಷ್ಟೇ ಬೇಗ ಹಸಿವೂ ಆಗುತ್ತದೆ. ಸ್ಲೋ ಕುಕ್ಕರಿನಲ್ಲಿ ಏನು ಬೇಕಾದರೂ ಕರಗುತ್ತದೆ, ಅದಕ್ಕೆ ನಿಮ್ಮಂಥವರು ಅದರಲ್ಲಿ ಕಾಳು, ತರಕಾರಿ, ಕೋಳಿ ಮಾಡಿಕೊಳ್ಳಿ, ಧಾನ್ಯ ಹೊರಗೆ ಇರಲಿ. ರೊಟ್ಟಿ ಒಳ್ಳೆಯದು.

ಮೊದಲ ವಾರಗಳಲ್ಲಿ ಇಳಿಯುವುದರಲ್ಲಿ ನೀರೇ ಜಾಸ್ತಿ. ಒಂದು ಕೆಜಿ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲರಿ ಕಡಿಮೆ ಬೀಳಬೇಕು. ದಿನಕ್ಕೆ 500 ಕಡಿಮೆ ತಿಂದರೂ ವಾರಕ್ಕೆ ಅರ್ಧ ಕೆಜಿಯೂ ಪೂರ್ತಿ ಆಗುವುದಿಲ್ಲ. ನಿಮ್ಮ 300 ಗ್ರಾಂ ಒಳ್ಳೆಯ ಇಳಿತವೇ. ನಾಲ್ಕನೇ ವಾರದ ಸೊನ್ನೆಗೆ ಶೇಂಗಾ ಚಟ್ನಿಪುಡಿ ಡಬ್ಬಿಯ ಕಡೆ ಒಂದು ಸಲ ನೋಡಿ. ನೂರು ಗ್ರಾಂ ಶೇಂಗಾದಲ್ಲಿ 560ರ ಮೇಲೆ ಕ್ಯಾಲರಿ, ಅದರ ಮೇಲೆ ಎಣ್ಣೆ ಹಾಕಿ ಕಲಸುತ್ತೇವೆ. ನಾನು ಒಂದು ತಿಂಗಳು ಎಲ್ಲ ಅಳೆದು ತಿಂದು, ಪುಡಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮುಖ್ಯ ಮಾತು. ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಊಟ ಕಡಿಮೆ ಮಾಡಿ ಮಾತ್ರೆ ಅಷ್ಟೇ ನುಂಗಿದರೆ ಸಕ್ಕರೆ ತೀರಾ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ನಿಮ್ಮ ಡಾಕ್ಟರಿಗೆ ಊಟ ಬದಲಿಸಿದ್ದನ್ನು ಹೇಳಿ, ಮಾತ್ರೆಯ ಲೆಕ್ಕ ಅವರು ನೋಡಲಿ. ಇದರಲ್ಲಿ ನನ್ನ ಮಾತು ಕೇಳಬೇಡಿ.

ಪ್ರಶ್ನೆ: ಅಕ್ಕಾ, ಎರಡು ಮೂರು ಸಾವಿರ ಕೊಟ್ಟು ಇದನ್ನು ಕೊಳ್ಳುವ ಶಕ್ತಿ ಇಲ್ಲ. ನಮ್ಮಂಥವರಿಗೆ ಏನಾದರೂ ಇದೆಯಾ?
ಚಳ್ಳಕೆರೆ

ಉತ್ತರ: ಇದೆ ತಂಗಿ, ನಿಮ್ಮೂರಲ್ಲೇ ಇದೆ. ಕಂಬಳಿ.

ತಮಾಷೆ ಅಲ್ಲ. ದಪ್ಪ ತಳದ, ಮುಚ್ಚಳ ಬಿಗಿಯಾಗಿ ಕೂರುವ ಪಾತ್ರೆಯಲ್ಲಿ ನೆನೆಸಿದ ಹೆಸರುಕಾಳು, ತರಕಾರಿ, ನೀರು ಹಾಕಿ ಒಲೆ ಮೇಲೆ ಹದಿನೈದು ನಿಮಿಷ ಚೆನ್ನಾಗಿ ಕುದಿಸಿ. ಕುದಿಯುತ್ತಿರುವಾಗಲೇ ಇಳಿಸಿ, ಎರಡು ಪದರ ಹಳೇ ಟವೆಲ್, ಅದರ ಮೇಲೆ ಕಂಬಳಿ ಸುತ್ತಿ, ಒಂದು ರಟ್ಟಿನ ಡಬ್ಬದೊಳಗೆ ಒತ್ತಾಗಿ ಇಡಿ. ಪಾತ್ರೆ ಮುಕ್ಕಾಲಾದರೂ ತುಂಬಿರಬೇಕು, ಇಲ್ಲದಿದ್ದರೆ ಬಿಸಿ ನಿಲ್ಲುವುದಿಲ್ಲ. ಮೂರು ಗಂಟೆಗೆ ತೆಗೆದು ಮತ್ತೊಮ್ಮೆ ಕುದಿಸಿ ಒಗ್ಗರಣೆ ಕೊಡಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಹಾಗೇ ಬಿಡುವಂತಿಲ್ಲ, ಆರಿದ ಅಡುಗೆ ಕೆಡುತ್ತದೆ. ಮಧ್ಯಾಹ್ನ ಮನೆಯಲ್ಲಿ ಇರುವವರಿಗೆ ಇದು ಸರಿ. ಹೆಸರುಕಾಳು, ಅಲಸಂದಿ, ನವಣೆ ಆಗುತ್ತವೆ. ಕಡಲೆ ಆಗುವುದಿಲ್ಲ, ರಾಜ್ಮಾ ಮತ್ತು ಮಾಂಸ ಬೇಡವೇ ಬೇಡ. ಅವಕ್ಕೆ ಪ್ರೆಶರ್ ಕುಕ್ಕರೇ ಸರಿ, ಕಡಿಮೆ ಎಣ್ಣೆ ಅದಕ್ಕೂ ಗೊತ್ತು.

ಕಂಬಳಿಯನ್ನು ಮೊದಲು ಎರಡು ದಿನ ಬಿಸಿಲಿಗೆ ಹಾಕಿ. ಟ್ರಂಕಿನಿಂದ ತೆಗೆದದ್ದನ್ನು ಹಾಗೇ ಸುತ್ತಿದ್ದೆ, ನಮ್ಮನೆಯವರು ಮೊದಲ ತುತ್ತಿಗೇ ಸಾರಿಗೆ ನುಸಿಗುಳಿಗೆ ಹಾಕಿದ್ದೀಯಾ ಎಂದು ಕೇಳಿದ್ದರು.